ಮದುವೆ ದಿನದ ಮಳೆ

"ಒಂದು ಹನಿಯೂ ಬಿದ್ದಿಲ್ಲ, ಅಜ್ಜೀ!" ಹವಾಮಾನ ಇಲಾಖೆಯ ಜಾಲತಾಣದಲ್ಲಿ ಹಳೇ ಮಳೆಯ ದಾಖಲೆ ಹುಡುಕುತ್ತಿದ್ದ ಮೊಮ್ಮಗಳು ಕೂಗಿದಳು. ದಶಕಗಳ ಹಿಂದೆ ತಮ್ಮ ಮದುವೆಗೇ ತಡವಾಗಿ ಬಂದಿದ್ದ ತಾತ ಮಳೆಯ ನೆಪ ಹೇಳಿದ್ದರು. ಒಲ್ಲದ ಮನಸ್ಸಿನಿಂದ ಬಂದಿದ್ದಾರೆಂದು ಅಜ್ಜಿಗೆ ಅಂದಿನಿಂದಲೂ ಅನುಮಾನ.

"ನೋಡಿದ್ರಾ? ನಿಮ್ಮದು ಬರೀ ಬುರುಡೆ ಅಂತ ಸರ್ಕಾರವೇ ಹೇಳ್ತಿದೆ," ಎಂದು ಅಜ್ಜಿ ಗಂಡನತ್ತ ತಿರುಗಿದರು.

"ಅವಳು ನೋಡಿದ್ದು ನಿನ್ನ ತವರೂರಿನ ಮಳೆ ಕಣೇ. ನಾನು ಹೊರಟಿದ್ದು ನಮ್ಮೂರಿಂದ ಅಲ್ವಾ?" ಎಂದರು ತಾತ.

ಮೊಮ್ಮಗಳು ಊರು ಬದಲಿಸಿ ನೋಡಿದಳು. "ಅಯ್ಯಯ್ಯೋ! ಆ ವರ್ಷದ ಅತಿ ದೊಡ್ಡ ಮಳೆ ತಾತನ ಊರಲ್ಲಿ, ಅದೇ ದಿನ!"

ಅಜ್ಜಿ ಒಳಗಿನಿಂದ ಟವೆಲ್ ತಂದು, ಮುಸಿಮುಸಿ ನಗುತ್ತ, ಗಂಡನ ಬೋಳುತಲೆಯನ್ನು ಗಸಗಸ ಒರೆಸತೊಡಗಿದರು. "ಅಂಥಾ ಮಳೇಲೂ ಬಂದೇ ಬಿಟ್ರಲ್ರೀ!"