ಮಿಂಚುಳ್ಳಿಯ ರೆಕ್ಕೆ

"ಏನ್ರೀ, ವನ್ಯಜೀವಿ ಇಲಾಖೆ ಜೀಪು ನಮ್ಮನೆ ಮುಂದೇನೇ ನಿಲ್ತು."

ಹೆಂಡತಿ ಕಿಟಕಿಯಿಂದ ಹೀಗೆ ಪಿಸುಗುಟ್ಟಿದಾಗ ದರ್ಜಿಯ ಕೈಯಲ್ಲಿ ಗಾಳವಿತ್ತು. ಗಾಳಕ್ಕೆ ರೇಷ್ಮೆ ದಾರ ಸುತ್ತಿತ್ತು. ದಾರದ ಬಿಗಿಯಲ್ಲಿ, ಕಾನೂನಿನ ಪ್ರಕಾರ ಆ ಮನೆಯಲ್ಲಿ ಇರಲೇಬಾರದ ಒಂದು ನೀಲಿ ಪುಕ್ಕವಿತ್ತು.

ಅಂಗಡಿ ಮುಚ್ಚಿದ ಮೇಲೆ ದರ್ಜಿಗೆ ಉಳಿದಿದ್ದು ಇದೊಂದೇ ಚಟ. ಪುಕ್ಕ, ತುಪ್ಪಳ, ದಾರ ಸುತ್ತಿ ಗಾಳವನ್ನು ಹುಳುವಿನಂತೆ ಸಿಂಗರಿಸುವುದು. ಅದನ್ನು ನಂಬಿ ಬಂದ ಮೀನನ್ನು ಹಿಡಿಯುವುದು. ನದಿಯ ಸ್ಪರ್ಧೆಯನ್ನು ಆರು ವರ್ಷದಿಂದ ಅವನೇ ಗೆಲ್ಲುತ್ತಿದ್ದ. ಎರಡನೆಯ ಸ್ಥಾನ ಪ್ರತಿ ಸಲವೂ ಹೆಂಡತಿಯ ತಮ್ಮನಿಗೆ. ಆ ಭಾವಮೈದ ಬಣ್ಣ ಹಾಕಿದ ಕೋಳಿ ಪುಕ್ಕ ಕಟ್ಟುತ್ತಾನೆಂದು ದರ್ಜಿ ಊರೆಲ್ಲ ಆಡಿಕೊಂಡು ನಗುತ್ತಿದ್ದ. "ಕೋಳಿ ಪುಕ್ಕ ನೋಡಿ ಹುಂಜ ಬರಬಹುದು, ಮೀನು ಬರಲ್ಲ. ಪುಕ್ಕ ಅಂದ್ರೆ ಮುಟ್ಟಿದ ಕೂಡ್ಲೇ ನಂಗೆ ಗೊತ್ತಾಗುತ್ತೆ" ಎನ್ನುತ್ತಿದ್ದ. ಈ ಭಾನುವಾರ ಏಳನೆಯ ಸಲ ಗೆಲ್ಲಬೇಕಿತ್ತು.

ಮೂರು ದಿನದ ಹಿಂದೆ ಸೇತುವೆಯ ಬಳಿ ಒಂದು ಮಿಂಚುಳ್ಳಿ ಗಾಡಿಗೆ ಸಿಕ್ಕಿ ಅಪ್ಪಚ್ಚಿಯಾಗಿ ಬಿದ್ದಿತ್ತು. ಧೂಳಿನಲ್ಲಿ ಒಂದು ರೆಕ್ಕೆ ಮಾತ್ರ ಎದ್ದು ನಿಂತಿತ್ತು. ಸಂರಕ್ಷಿತ ಹಕ್ಕಿಯ ಹೆಣವನ್ನೂ ಮುಟ್ಟುವಂತಿಲ್ಲ ಎಂಬುದು ದರ್ಜಿಗೆ ಗೊತ್ತಿರಲಿಲ್ಲವೆಂದಲ್ಲ. ಅತ್ತ ನೋಡಿದ, ಇತ್ತ ನೋಡಿದ. ಜೇಬಿನ ಕತ್ತರಿ ತಾನಾಗಿ ಹೊರಬಂತು. ಕಚಕ್. ಮರುಕ್ಷಣ ಸೈಕಲ್ ಮೇಲಿದ್ದ.

"ನಾನೇನು ಕೊಂದಿಲ್ಲ ಕಣೆ, ಯಾವುದೋ ಗಾಡಿ ಕೊಂದಿದ್ದು" ಎಂದು ಮನೆಗೆ ಬಂದವನೇ ಹೇಳಿದ.

"ಯಾರು ಕೊಂದ್ರು ಅಂತ ಕಾನೂನು ಕೇಳಲ್ಲ. ಯಾರ ಮನೇಲಿ ಸಿಕ್ತು ಅಂತ ಕೇಳುತ್ತೆ" ಎಂದಳು ಹೆಂಡತಿ. "ನಮ್ಮನೆ ಬೆಕ್ಕೂ ಅದನ್ನ ಮೂಸಿ ನೋಡ್ಲಿಲ್ಲ. ನಿಮಗೆ ಮಾತ್ರ ಬೇಕಾಯ್ತು."

ಈಗ ಜೀಪಿನ ಬಾಗಿಲು ಹಾಕಿದ ಸದ್ದಾಯಿತು. ಸಿಕ್ಕಿಬಿದ್ದರೆ ದಂಡ ಹಾಳಾಗಿ ಹೋಗಲಿ, ಮೀನು ಹಿಡಿಯುವ ಪರವಾನಗಿ ಜನ್ಮಕ್ಕೆ ರದ್ದು. ಗೆಲುವು ಭಾವಮೈದನ ಪಾಲು. ದರ್ಜಿ ಗಾಳವನ್ನು ಮೇಜಿನ ಮೇಲಿಟ್ಟು ಎದ್ದ. ಹೆಂಡತಿ ಬಾಯಲ್ಲಿ ಬೈಯುತ್ತಲೇ ರೆಕ್ಕೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ನೆನೆಹಾಕಿದ್ದ ಬಿಳಿ ಬಟ್ಟೆಗಳ ಅಡಿಗೆ ತುರುಕಿದಳು. ಮೇಜಿನ ಮೇಲಿನ ಗಾಳವನ್ನು ಅಡಗಿಸಲು ಹೊತ್ತು ಸಿಗಲಿಲ್ಲ.

ಬಂದವನು ಚಿಕ್ಕ ಪ್ರಾಯದ ಇನ್ಸ್‌ಪೆಕ್ಟರ್. ಉಗುರಿನ ಸಂದಿಯಲ್ಲಿ ನೀಲಿ ಮೆತ್ತಿತ್ತು. ಸರ್ಕಾರಿ ಕೆಲಸ, ಬರೆದೂ ಬರೆದೂ ಹಾಗಾಗಿರಬೇಕು.

"ಯಜಮಾನ್ರೇ, ಮೊನ್ನೆ ಸೇತುವೆ ಹತ್ರ ಸೈಕಲ್ ನಿಲ್ಲಿಸಿದ್ರಂತೆ?"

"ಚೈನು ಕಳಚಿತ್ತು ಸಾರ್. ಹಕ್ಕಿ ಗಿಕ್ಕಿ ಏನೂ ನೋಡ್ಲಿಲ್ಲ."

ಹಕ್ಕಿಯ ಮಾತನ್ನು ಇನ್ಸ್‌ಪೆಕ್ಟರ್ ಇನ್ನೂ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಇನ್ಸ್‌ಪೆಕ್ಟರ್ ಮುಗುಳ್ನಕ್ಕು ಮೇಜಿನ ಕಡೆ ತಿರುಗಿದ. ಭೂತಗನ್ನಡಿ ತೆಗೆದು ಗಾಳದ ಮೇಲೆ ಬಗ್ಗಿದ.

"ಈ ವಾರ ಹನ್ನೊಂದು ಜನ ಸಿಕ್ಕಿಬಿದ್ರು. ಎಲ್ಲರದ್ದೂ ಒಂದೇ ಅಳು. 'ಸಾರ್, ಅಷ್ಟು ಚೆಂದದ ಮಿಂಚುಳ್ಳಿ, ಹೇಗಿದ್ರೂ ಸತ್ತಿತ್ತಲ್ಲ' ಅಂತ. ಸತ್ತಿದ್ರೂ ತಪ್ಪೇ. ಗಾಡಿಗೆ ಸಿಕ್ಕಿ ಸತ್ತಿದ್ದೋ ಗುಂಡೇಟಿಗೆ ಸತ್ತಿದ್ದೋ ಅಂತ ಪುಕ್ಕ ಬಾಯಿಬಿಟ್ಟು ಹೇಳುತ್ತಾ? ಸರಿ, ಇದು ಯಾವ ಹಕ್ಕೀದು?"

ಆರು ವರ್ಷದ ಮರ್ಯಾದೆ ಒಂದು ಕಡೆ, ಪರವಾನಗಿ ಇನ್ನೊಂದು ಕಡೆ. ದರ್ಜಿ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ.

"ಕೋಳೀದು ಸಾರ್. ಬಣ್ಣ ಹಾಕಿರೋದು."

ಇನ್ಸ್‌ಪೆಕ್ಟರ್ ತಟ್ಟನೆ ತಲೆಯೆತ್ತಿದ. "ಖಂಡಿತವಾಗ್ಲೂ?"

"ಖಂಡಿತ."

"ಹೇಗೆ ಹೇಳ್ತೀರಿ?"

ಸುಳ್ಳು ಹೇಳಿದ ಮೇಲೆ ಹಿಂದೆ ಸರಿಯುವಂತಿಲ್ಲ. ಬಲ್ಲ ವಿದ್ಯೆ ಬೇರೆ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ದರ್ಜಿ ಪುಕ್ಕವನ್ನು ದೀಪದ ಕೆಳಗೆ ಹಿಡಿದ. "ಅಸಲಿ ಮಿಂಚುಳ್ಳಿ ಆದ್ರೆ, ಹೀಗೆ ತಿರುಗಿಸಿದಾಗ ನೀಲಿ ಹೋಗಿ ಹಸಿರು ಮಿಂಚಬೇಕು ಸಾರ್. ಇದು ಹೇಗೆ ತಿರುಗಿಸಿದ್ರೂ ಒಂದೇ. ಬುಡದಲ್ಲಿ ಬಣ್ಣ ಗಟ್ಟಿ ನಿಂತಿದೆ, ನೋಡಿ." ಮಾತು ಸರಾಗವಾಗಿ ಬಂತು. ಗಾಬರಿಯಲ್ಲಿ ಅವನಿಗೆ ಪುಕ್ಕ ಕಾಣುತ್ತಲೇ ಇರಲಿಲ್ಲ. ಇನ್ಸ್‌ಪೆಕ್ಟರನ ಮುಖವೊಂದೇ ಕಾಣುತ್ತಿತ್ತು.

ಆ ಮುಖ ಕೊಂಚ ಸಪ್ಪಗಾಯಿತು. "ಬುಡದಲ್ಲಿ ಅಷ್ಟೊಂದು ಕಾಣುತ್ತಾ?"

"ಕೆಟ್ಟ ಕೆಲಸ ಸಾರ್. ಯಾವನೋ ಕಲಿಯೋನು ಹಾಕಿರ್ಬೇಕು."

ಅಷ್ಟರಲ್ಲಿ ಬಚ್ಚಲಿನಿಂದ ಹೆಂಡತಿಯ ಕೂಗು. "ಏನ್ರೀ, ನಾನು ಬಟ್ಟೆಗೆ ನೀಲಿ ಹಾಕಿದ್ನಾ?"

"ಹಾಕಿರ್ತೀಯ! ಸುಮ್ನಿರು!"

"ನಿಮ್ಮ ಬನಿಯನ್ನೆಲ್ಲ ಆಕಾಶ ಆಗಿದೆ!"

"ಹಾಗೇ ಇರ್ಲಿ ಬಿಡೇ!"

ಇನ್ಸ್‌ಪೆಕ್ಟರ್ ಎದ್ದ. ಮನೆ ಹುಡುಕಲಿಲ್ಲ. ಬಚ್ಚಲ ಕಡೆ ಕಣ್ಣೂ ಹಾಯಿಸಲಿಲ್ಲ. ದರ್ಜಿಯ ಎರಡೂ ಕೈ ಹಿಡಿದು ಕುಲುಕಿ, "ನಿಮ್ಮಂಥೋರು ನಮ್ಮ ಇಲಾಖೇಲಿ ಇರ್ಬೇಕಿತ್ತು" ಎಂದು ಹೇಳಿ ಹೊರಟ.

ಬಾಗಿಲು ಹಾಕಿದ್ದೇ ತಡ, ದರ್ಜಿ ಕುರ್ಚಿಗೆ ಕುಸಿದು ನಗತೊಡಗಿದ. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣೆ! ಅಸಲಿ ಮಿಂಚುಳ್ಳೀನ ಮೂಗಿನ ಕೆಳಗೆ ಹಿಡಿದ್ರೂ ಕೋಳಿ ಅಂತ ನಂಬಿ ಹೋದ, ಪೆದ್ದ. ಪುಕ್ಕ ಅಂದ್ರೆ ಏನು ಅಂತ ಅವನಿಗೇನು ಗೊತ್ತು, ನಿನ್ನ ತಮ್ಮನಿಗೇನು ಗೊತ್ತು!"

ಹೆಂಡತಿ ಬಚ್ಚಲಿನಲ್ಲಿ ನೀಲಿಯಾದ ಬನಿಯನ್ ಹಿಂಡುತ್ತಿದ್ದಳು. ತೆರೆದ ಕಿಟಕಿಯ ಆಚೆ, ಜೀಪಿಗೆ ಒರಗಿ ನಿಂತ ಇನ್ಸ್‌ಪೆಕ್ಟರ್ ಫೋನಿನಲ್ಲಿ ಮಾತಾಡುತ್ತಿದ್ದ.

"ಇಲ್ಲ ಸರ್, ಇವ್ರ ಮೇಲೆ ಕೇಸು ನಿಲ್ಲಲ್ಲ. ಕಳ್ಳರನ್ನ ಹಿಡಿಯೋಕೆ ಅಂತ ಸೇತುವೆ ಹತ್ರ ನಾವು ಮತ್ತೆ ಮತ್ತೆ ಇಟ್ಟಿದ್ದ ಹಕ್ಕಿ, ನಾನೇ ಮನೇಲಿ ಕೂತು ಬಣ್ಣ ಹಾಕಿದ ಕೋಳಿ ಪುಕ್ಕದ್ದು ಅಂತ ಕಂಡುಹಿಡಿದವ್ರು ಹನ್ನೆರಡು ಜನರಲ್ಲಿ ಇವ್ರೊಬ್ರೇ!"