ಮೂರನೆಯ ಪುಸ್ತಕ

"ನಿಲ್ಸಿ! ಮೊದಲು ಅದನ್ನ ನಿಲ್ಸಿ! ಹುಡುಗ ಮುಳುಗ್ತಾ ಇದಾನೆ, ಕಣ್ಣು ಕಾಣಲ್ವಾ ನಿಮಗೆ?"

ಚಿತ್ರಮಂದಿರದ ಕತ್ತಲಲ್ಲಿ ಎದ್ದು ನಿಂತು ಕೂಗಿದವರು, ಎಲ್ಲರೂ ಗೌರವದಿಂದ ದೊನ್ಯಾ ಎಂದು ಕರೆಯುವ ಎಮೆರೆನ್ಸಿಯಾನಾ. ಮಡಿಲಲ್ಲಿದ್ದ ಚಿಪಾ ರೊಟ್ಟಿಯ ಪೊಟ್ಟಣ ನೆಲಕ್ಕೆ ಬಿದ್ದು ಉರುಳಿತು. ಪರದೆಯ ಮೇಲೆ ಓಡುತ್ತಿದ್ದದ್ದು ಅವರೇ ಬರೆದ ಕಥೆ. ಆರು ಚಂದ್ರರು ಮೂಡುವ ನದಿ. ಒಂದು ಲೋಕದಿಂದ ಇನ್ನೊಂದಕ್ಕೆ ಜನರನ್ನು ದಾಟಿಸುವ ದೋಣಿಯ ಹುಡುಗ ಮಿತಾಯಿ. ಪರಾಗ್ವೆಯಲ್ಲಿ ಮಕ್ಕಳಿದ್ದ ಮನೆಗಳಲ್ಲೆಲ್ಲ ಆ ಏಳು ಪುಸ್ತಕಗಳು ಕೈಯಿಂದ ಕೈಗೆ ಓಡಾಡಿ ಚಿಂದಿಯಾಗಿದ್ದವು. ಇದು ಸಿನಿಮಾ ಆಗಲೇಬೇಕೆಂದು ಓದುಗರು ವರ್ಷಗಟ್ಟಲೆ ದುಂಬಾಲು ಬಿದ್ದಿದ್ದರು. ಹೊರದೇಶದವರೂ ಬಂದು ಕೇಳಿದ್ದರು. "ನದಿಗೆ ಮಂಜುಗಡ್ಡೆ ಸೇರಿಸ್ತಾರಂತೆ! ನನ್ನ ಹುಡುಗನಿಗೆ ಉಣ್ಣೆ ಕೋಟು ತೊಡಿಸೋಕೆ ನಾನು ಬರೆದದ್ದಾ?" ಎಂದು ದೊನ್ಯಾ ಅವರನ್ನು ಬಾಗಿಲಿನಿಂದಲೇ ಸಾಗಹಾಕಿದ್ದರು. ಕೊನೆಗೆ ಒಪ್ಪಿಗೆ ಕೊಟ್ಟದ್ದು ರಾಜಧಾನಿ ಅಸುನ್ಸಿಯೋನ್‌ನಲ್ಲೇ ಹುಟ್ಟಿ ಬೆಳೆದ ನಿರ್ದೇಶಕ ದಾರಿಯೊಗೆ. ಬಿಡುಗಡೆಗೆ ಮುಂಚೆ, ಈ ಬೆಳಿಗ್ಗೆ, ಅವರಿಗೂ ಅವರ ಮಗಳಿಗೂ ಮಾತ್ರ ಅವನು ಸಿನಿಮಾ ತೋರಿಸುತ್ತಿದ್ದ.

ಪಕ್ಕದಲ್ಲಿ ಕುಳಿತಿದ್ದ ಮಗಳು ಬಿಬಿಯಾನಾ ಥಟ್ಟನೆ ಎದ್ದಳು. ಅಮ್ಮ ಕೂಗುವ ಮೊದಲೇ, ನೀರಿನ ಮೇಲೆ ಆ ಪುಟ್ಟ ಕೈ ಕಂಡ ಗಳಿಗೆಯಲ್ಲೇ ಅವಳಿಗೆ ಮೋಸ ಗೊತ್ತಾಗಿಹೋಗಿತ್ತು. ಮೊದಲೆರಡು ಪುಸ್ತಕಗಳನ್ನಷ್ಟೇ ಸಿನಿಮಾ ಮಾಡುತ್ತೇನೆ ಎಂದಿದ್ದ ದಾರಿಯೊ. ಆ ಮಾತು ನಂಬಿಯೇ ಅವಳು ಅಮ್ಮನನ್ನು ಕರೆತಂದಿದ್ದಳು. ಮಿತಾಯಿ ಸಾಯುವುದು ಮೂರನೆಯದರಲ್ಲಿ.

ದೀಪಗಳು ಹತ್ತಿಕೊಂಡವು. ದಾರಿಯೊ ಹಿಂದಿನ ಸಾಲಿನಿಂದ ಓಡಿಬಂದ.

"ಏನಾಯ್ತು ದೊನ್ಯಾ? ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗಿ ಬರೋದಾ? ಇಷ್ಟೊತ್ತು ಹಾಡ್ಕೊಂಡು ಹುಟ್ಟು ಹಾಕ್ತಿದ್ದ ಮಗೂನ ನೀರುಪಾಲು ಮಾಡಿಬಿಟ್ಯಲ್ಲೋ! ಯಾವ ಕಟುಕ ಬರೆದದ್ದು ಇದನ್ನ? ಕರಿ ಅವನನ್ನ ಇಲ್ಲಿಗೆ!"

ದೊನ್ಯಾ ತಮಾಷೆ ಮಾಡುತ್ತಿದ್ದಾರೆಂದುಕೊಂಡು ದಾರಿಯೊ ನಕ್ಕುಬಿಟ್ಟ. "ಆ ಕಟುಕರು ನೀವೇ ಅಲ್ವಾ ದೊನ್ಯಾ! ಮೂರನೇ ಪುಸ್ತಕದಲ್ಲಿ ಹೇಗಿದೆಯೋ ಹಾಗೇ ತೆಗೆದಿದೀನಿ. ಚಿಕ್ಕವನಿದ್ದಾಗ ಅದನ್ನ ಓದಿ ಊಟ ಬಿಟ್ಟು ಮಲಗಿದ್ದೆ. ನಮ್ಮಮ್ಮ ನಿಮಗೆ ಹಿಡಿ ಶಾಪ ಹಾಕಿದ್ಳು."

ದೊನ್ಯಾ ಅವನ ಮುಖವನ್ನೇ ನೋಡಿದರು. ಕೂಗುತ್ತಿದ್ದ ದನಿ ಒಮ್ಮೆಲೇ ಉಡುಗಿಹೋಯಿತು. "ಸುಳ್ಳು. ನಾನ್ಯಾಕೆ ಹಾಗೆ ಬರೀಲಿ?" ಎಂದು ಮಗಳ ಕಡೆ ತಿರುಗಿದರು. "ಬಿಬಿ, ನೀನಾದ್ರೂ ಹೇಳೇ. ನಾನು ಬರೆದ್ನಾ? ಯಾಕೆ ಬರೆದೆ?"

ಬಿಬಿಯಾನಾ ದಾರಿಯೊನ ತೋಳು ಹಿಡಿದು ಗೋಡೆಯ ಬಳಿಗೆ ಎಳೆದೊಯ್ದಳು.

"ಮೊದಲೆರಡೇ ಅಂದಿದ್ದೆ ನೀನು."

"ಮೂರನೇದಿಲ್ದೆ ಸಿನಿಮಾಕ್ಕೆ ಜೀವಾನೇ ಬರ್ತಿರ್ಲಿಲ್ಲ, ಬಿಬಿಯಾನಾ. ದೊನ್ಯಾಗೆ ಮರೆವು ಜಾಸ್ತಿಯಾಗಿದೆ ಅಂತ ಗೊತ್ತಿತ್ತು. ಆದ್ರೆ ತಾವು ಬರೆದ ಕಥೇನೇ ಮರೀತಾರೆ ಅಂತ..."

"ಅದು ಬರೀ ಕಥೆ ಅಲ್ಲ ಕಣೋ. ಅವನು ನನ್ನ ತಮ್ಮ."

ಬಿಬಿಯಾನಾ ಆತುರಾತುರವಾಗಿ ಹೇಳಿ ಮುಗಿಸಿದಳು. ಲಿಸಾರ್ದೊ. ಹನ್ನೊಂದು ವರ್ಷದವನು. ಪರಾಗ್ವೆ ನದಿಯಲ್ಲಿ ದೋಣಿ ಮಗುಚಿದಾಗ ಅಮ್ಮ ಕಡಲಾಚೆ ಎಲ್ಲೋ ಪುಸ್ತಕ ಮೇಳದಲ್ಲಿ ಮಕ್ಕಳಿಗೆ ಕಥೆ ಓದುತ್ತಿದ್ದರು. ಸೆಕೆಗಾಲ, ದೇಹ ಇಟ್ಟುಕೊಳ್ಳುವಂತಿರಲಿಲ್ಲ. ಅವರು ಮರಳಿ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಮುಂದಿನ ವರ್ಷ ಮೂರನೆಯ ಪುಸ್ತಕ ಬಂತು. ಮಿತಾಯಿಯನ್ನು ಕೊಂದದ್ದಕ್ಕೆ ನಾಡಿನ ಮಕ್ಕಳೆಲ್ಲ ಬೈದರು. ಅಮ್ಮ ಯಾರಿಗೂ ಏನೂ ಹೇಳಲಿಲ್ಲ. ಈಗ ನೆನಪು ಕರಗಿದ ಮೇಲೆ, "ಲಿಸಾರ್ದೊ ಬಂದ್ನಾ?" ಎಂದು ದಿನಾ ಕೇಳುತ್ತಾರೆ. ಮೊದಮೊದಲು ಬಿಬಿಯಾನಾ ನಿಜ ಹೇಳಿಬಿಟ್ಟಿದ್ದಳು. ಆಗ ಅಮ್ಮ ಅತ್ತ ಬಗೆಯನ್ನು ಕಂಡ ಮೇಲೆ, ಆಟಕ್ಕೆ ಹೋಗಿದಾನಮ್ಮ, ಬರ್ತಾನೆ ಎನ್ನುವುದನ್ನು ರೂಢಿಮಾಡಿಕೊಂಡಿದ್ದಳು.

"ಕಾಕುಪೆಯ ದೇವಮಾತೆಯೇ, ಕಾಪಾಡು..." ಎಂದ ದಾರಿಯೊ. ಸೀದಾ ಹೋಗಿ ದೊನ್ಯಾರ ಕಾಲ ಬಳಿ ಮಂಡಿಯೂರಿದ. "ತಪ್ಪಾಯ್ತು ದೊನ್ಯಾ. ಆ ಹುಡುಗ ಸಾಯೋದು ಬೇಡ. ಯಾರೋ ಕೈ ಹಿಡಿದು ಮೇಲೆತ್ತಿದ ಹಾಗೆ ಮತ್ತೆ ಶೂಟ್ ಮಾಡ್ತೀನಿ. ಇಡೀ ದೇಶಾನೇ ಖುಷಿಪಡುತ್ತೆ."

"ಹೌದಮ್ಮ," ಬಿಬಿಯಾನಾ ಧಾವಂತದಿಂದ ದನಿಗೂಡಿಸಿದಳು, "ಹಾಗೇ ಮಾಡಿಸೋಣ. ಈಗ ಮನೆಗೆ ಹೋಗೋಣ ಬಾ."

ಇಬ್ಬರ ಮಾತೂ ದೊನ್ಯಾರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವರು ಖಾಲಿ ಪರದೆಯನ್ನು ನೋಡುತ್ತಿದ್ದರು.

"ಲಿಸಾರ್ದೊ," ಎಂದರು.

ಅದು ಪ್ರಶ್ನೆಯಾಗಿರಲಿಲ್ಲ. ಬಿಬಿಯಾನಾ ಮುಂದಿನ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಅಮ್ಮನ ಎದೆ ಒಡೆಯುತ್ತದೆ, ಈಗ ಚೀರುತ್ತಾಳೆ ಎಂದು ಕಾದಳು. ದೊನ್ಯಾ ಚೀರಲಿಲ್ಲ. ಲಂಗದ ನಿರಿಗೆ ಸರಿಮಾಡಿಕೊಂಡು ನಿಧಾನವಾಗಿ ಕುಳಿತರು. ಮಗಳಿಗೆ ಪಕ್ಕದ ಕುರ್ಚಿ ತಟ್ಟಿ ತೋರಿಸಿದರು.

"ಬದಲಾಯಿಸ್ಬೇಡ ಮಗೂ," ಎಂದರು ದಾರಿಯೊಗೆ. "ದೀಪ ಆರಿಸಿ ಇನ್ನೊಂದ್ಸಲ ತೋರಿಸು. ಆವತ್ತು ನಾನು ಅಲ್ಲಿರ್ಲಿಲ್ಲ."