ಮಗ್ಗದ ಕೋಣೆಯ ಕೆಂಪು ಗೋಡೆ

ಹಸಿ ಸುಣ್ಣದ ವಾಸನೆ ಬಂದಾಗಲೆಲ್ಲ ನನಗೆ ಮೊಳಕಾಲ್ಮೂರಿನ ನಮ್ಮ ಮಗ್ಗದ ಕೋಣೆ ನೆನಪಾಗುತ್ತದೆ. ಅಕ್ಕನನ್ನು ನೋಡಲು ಗಂಡಿನವರು ಬರುವ ದಿನ ಅಪ್ಪ, ರೇಷ್ಮೆಗೆ ಹಾಕಿ ಮಿಕ್ಕಿದ್ದ ಕೆಂಪು ಬಣ್ಣವನ್ನು ಸುಣ್ಣಕ್ಕೆ ಬೆರೆಸಿ ತಾವೇ ಗೋಡೆಗೆ ಬಳಿದರು.

“ನೂಲಿನ ಬಣ್ಣ ಗೋಡೆಗೆ ನಿಲ್ತೈತೇನ್ರೀ?” ಎಂದಳು ಅವ್ವ.

“ಕುದಿಸಿ ಹಾಕೀನಿ, ಸುಮ್ಕಿರು. ನಿಮ್ಮಪ್ಪನ ಮನೆ ಗೋಡೆ ಹಂಗೆ ಉದುರಲ್ಲ.”

ಮಧ್ಯಾಹ್ನ ಆ ಗೋಡೆಗೆ ಒರಗಿ ಕುಳಿತಿದ್ದ ಗಂಡಿನ ತಾಯಿ ಎದ್ದಾಗ ಅವರ ತಿಳಿಹಳದಿ ಸೀರೆಯ ಬೆನ್ನೆಲ್ಲ ಕೆಂಪಾಗಿತ್ತು. “ಸೀರೆ ನೇಯೋರ ಮನೇಲೇ ಸೀರೆ ಹಾಳಾಯ್ತಲ್ಲಪ್ಪಾ!” ಎಂದು ಹೊರಟವರು ಮತ್ತೆ ಬರಲಿಲ್ಲ.

ಅಪ್ಪನ ಬಣ್ಣವೇ ಸಂಬಂಧವನ್ನು ಕೆಡಿಸಿತೆಂದು ಮನೆಯವರೆಲ್ಲ ನಂಬಿದರು. ನಾನು ಒಪ್ಪಲಿಲ್ಲ. ಗಂಡಿನವರು ಬರುವ ಮುನ್ನ ಅಕ್ಕ ಗೋಡೆಯನ್ನು ಉಜ್ಜಿ, ಕೆಂಪಾದ ಬೆರಳನ್ನು ನೋಡಿಕೊಂಡು, ನಡುಮನೆಯಲ್ಲಿದ್ದ ಚಾಪೆಯನ್ನು ತಂದು ಆ ಗೋಡೆಗೇ ತಾಗಿಸಿ ಹಾಸಿದ್ದಳು.